ಬೆಟಗೇರಿಯಲ್ಲಿ ಹೊಲಿದ ಕಡಲ್ಗಳ್ಳರ ಕೋಟು

ಲಕ್ಷ್ಮೇಶ್ವರದಿಂದ ಆ ಹೆಣ್ಣುಮಗಳು ಬಂದ ದಿನ ನಾನು ಒಂದು ಬ್ಲೌಸಿನ ಕೊರಳು ಬಿಚ್ಚುತ್ತಿದ್ದೆ. ಹೊಲಿಗೆ ಬಿಚ್ಚುವಾಗ ಕಣ್ಣು ಎತ್ತಿದರೆ ಬಟ್ಟೆ ಹರಿಯುತ್ತದೆ. ಹಾಗಾಗಿ ಮೊದಲು ಅವರ ಚಪ್ಪಲಿ ನೋಡಿದೆ, ಆಮೇಲೆ ಕೈಚೀಲ, ಕಡೆಗೆ ಮುಖ. ನನ್ನದೇ ವಯಸ್ಸು, ಐವತ್ತರ ಆಚೀಚೆ. ಬಸ್ಸಿನಲ್ಲಿ ನಿಂತೇ ಬಂದಿರಬೇಕು, ಸೀರೆಯ ನೆರಿಗೆ ಒಂದು ಕಡೆ ಮುದುಡಿತ್ತು.

"ನಾಟಕದ ಡ್ರೆಸ್ ಹೊಲಿಯೋರ ಮನಿ ಇದ ಏನ್ರಿ?"

"ಮನಿ ಇದರಿ. ಆದ್ರ ಈಗ ಅದನ್ನ ಹೊಲಿಯಂಗಿಲ್ಲ. ಬ್ಲೌಸು, ಚೂಡಿದಾರ, ಶಾಲಿ ಯುನಿಫಾರ್ಮು, ಅಷ್ಟ. ಬರ್ರಿ, ಕುಂಡ್ರಿ."

ನಾಟಕದ ಬಟ್ಟೆ ಹೊಲಿಯುತ್ತಿದ್ದವರು ನನ್ನ ಮಾವ. ಸುಗ್ಗಿ ಮುಗಿದ ಮೇಲೆ ಊರೂರಿನಲ್ಲಿ ಹವ್ಯಾಸಕ್ಕೆ ನಾಟಕ ಆಡುವವರು ಬೆಟಗೇರಿಗೆ ಬಂದು ಅವರಿಂದ ಡ್ರೆಸ್ಸು ಒಯ್ಯುತ್ತಿದ್ದರು. ರಾಜ, ಸರದಾರ, ಖಳನಾಯಕ, ಪೊಲೀಸು, ಮುದುಕಿ, ಎಲ್ಲ ವೇಷಗಳೂ ನಮ್ಮ ಮನೆಯ ಮೂರು ಟ್ರಂಕುಗಳಲ್ಲಿದ್ದವು. ನಾನು ಸೊಸೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಮೊದಲ ಎರಡು ವರ್ಷ ಮಾವ ನನ್ನಿಂದ ಬರೀ ಗುಂಡಿಯ ಕಾಜಾ ಹಾಕಿಸಿದರು. ಮೂರನೆಯ ವರ್ಷ ಕತ್ತರಿ ಕೊಟ್ಟರು. ನನ್ನ ಗಂಡ ಟೆಂಪೋ ಓಡಿಸುತ್ತಾರೆ, ಅವರಿಗೆ ಈ ಕೆಲಸ ಹಿಡಿಸಲಿಲ್ಲ. ಹೀಗಾಗಿ ಮಾವನ ವಿದ್ಯೆ ನನಗೆ ಬಂತು. ಆದರೆ ಅದು ಬರುವ ಹೊತ್ತಿಗೆ ಹಳ್ಳಿಗಳಲ್ಲಿ ನಾಟಕ ಆಡುವವರು ಕಡಿಮೆಯಾಗಿದ್ದರು. ಮಾವನ ಕಣ್ಣೂ ಮಂಜಾಗಿತ್ತು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಮಷಿನ್ನಿನ ಸದ್ದು ಕೇಳುತ್ತಿದ್ದರು. ಹೊಲಿಗೆ ಎಲ್ಲಿ ಬಿಗಿಯಾಯಿತು ಎಂಬುದು ಅವರಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು.

ಬಂದವರು ಕೂತು, ನೀರು ಕುಡಿದು, ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಸಮುದ್ರದ ದಂಡೆ. ಮೂವತ್ತು ನಲವತ್ತು ಮಂದಿ ಸಾಲಾಗಿ ನಿಂತಿದ್ದಾರೆ. ಮೊಳಕಾಲು ಮುಟ್ಟುವ ಕೋಟು, ಮೂರು ಮೂಲೆಯ ಟೊಪ್ಪಿಗೆ, ಸೊಂಟಕ್ಕೆ ಅಗಲವಾದ ನಡುಕಟ್ಟು, ಒಬ್ಬನ ಒಂದು ಕಣ್ಣಿನ ಮೇಲೆ ಕರಿ ಪಟ್ಟಿ. ಹೆಂಗಸರೂ ಇದ್ದರು.

"ಸಿನಿಮಾದವ್ರೇನ್ರಿ?" ಎಂದು ಕೇಳಿದೆ.

"ಅಲ್ರಿ. ಎಲ್ಲಾರೂ ಹಡಗಿನ್ಯಾಗ ನೌಕರಿ ಮಾಡಿ ರಿಟೈರ್ ಆದವ್ರು, ಅವ್ರ ಮನಿ ಮಂದಿ. ವರ್ಷಕ್ಕೊಮ್ಮೆ ಗೋವಾದಾಗ ಕೂಡ್ತಾರ. ಹಿಂದಿನ ಕಾಲದ ಕಡಲಗಳ್ಳರಂಗ ವೇಷ ಹಾಕ್ಕೊಂಡು ಬರಬೇಕು. ಪ್ಲಾಸ್ಟಿಕ್ಕು, ಮಿಂಚೋದು ನಡಿಯಂಗಿಲ್ಲ. ಮುನ್ನೂರು ವರ್ಷದ ಹಿಂದ ಹೆಂಗಿತ್ತೋ ಹಂಗ ಇರಬೇಕಂತ ಕಟ್ಟಳಿ ಐತಿ."

ಅವರ ಗಂಡ ಹಡಗಿನಲ್ಲಿ ಅಡುಗೆಯವರಾಗಿದ್ದರು. ಜೀವನದ ಹೆಚ್ಚಿನ ಭಾಗ ನೀರಿನ ಮೇಲೆ ಕಳೆದು ಈಗ ಲಕ್ಷ್ಮೇಶ್ವರದ ಮನೆಯಲ್ಲಿ ಇದ್ದಾರೆ. ಇವರು ಅಲ್ಲೇ ಅಂಗನವಾಡಿ ನಡೆಸುತ್ತಾರೆ. ಶಿರಹಟ್ಟಿಯಲ್ಲಿರುವ ಇವರ ಅಣ್ಣ ಹಿಂದೊಮ್ಮೆ ನಾಟಕದಲ್ಲಿ ಸರದಾರನ ಪಾತ್ರ ಮಾಡಿದ್ದನಂತೆ. ಆ ಕೋಟು ಎಲ್ಲಿಯದು ಎಂದು ನೆನಪಿಟ್ಟುಕೊಂಡು ಹೇಳಿದವನು ಅವನೇ.

"ನಮ್ಮನಿಯವ್ರು ಅಲ್ಲಿಗೆ ಒಂದ ಸಲಾನೂ ಹೋಗಿಲ್ರಿ. ಪ್ರತಿ ವರ್ಷ ಕರಿತಾರ, ಇವ್ರು ಒಲ್ಲೆ ಅಂತಾರ. ಊರಾಗೂ ಎಲ್ಲೂ ಹೋಗಂಗಿಲ್ಲ. ಈ ಸಲ ಕೋಟ ಹೊಲಿಸಿ ಮುಂದ ಇಟ್ಟಬಿಡ್ತೀನಿ. ಹೊಲಿಸಿದ ಮ್ಯಾಲೆ ಒಲ್ಲೆ ಅನ್ನೋ ಮನಷ್ಯಾ ಅಲ್ಲ."

ಆಗುವುದಿಲ್ಲ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮಾವ ಕುರ್ಚಿಯಿಂದ ಕೇಳಿದರು: "ಅಳತಿ ತಂದೀಯೇನವಾ?"

ಅವರು ಕೈಚೀಲದಿಂದ ಹಳೆಯ ಬಿಳಿ ಅಂಗಿಯೊಂದನ್ನು ತೆಗೆದು ಕೊಟ್ಟರು. ಮಾವ ಅದನ್ನು ತೊಡೆಯ ಮೇಲೆ ಹರಡಿ ಹೆಗಲಿನಿಂದ ತುದಿಯವರೆಗೆ ಬೆರಳಾಡಿಸಿದರು.

"ಬಲಗಡಿ ಹೆಗಲ ತುಸು ಇಳದೈತಿ. ಒಂದ ಕೈಲೆ ಭಾರ ಎತ್ತಿದ ಮನಷ್ಯಾ."

"ಖರೆರಿ. ದೊಡ್ಡ ದೊಡ್ಡ ಪಾತೇಲಿ ಎತ್ತಿ ಎತ್ತಿ ಹಂಗ ಆಗೈತಿ," ಎಂದರು ಆ ಹೆಣ್ಣುಮಗಳು.

"ಹೊಲಿತೀವಿ ತಗೋ," ಎಂದರು ಮಾವ. ಯಾರು ಹೊಲಿಯಬೇಕು ಎಂಬುದನ್ನು ಅವರು ಹೇಳಲಿಲ್ಲ.

ಕೆಲಸ ಮೊದಲು ಕಂಡಷ್ಟು ಹೊಸದಾಗಿರಲಿಲ್ಲ. ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಕೋಟಿಗೆ ಕಾಲರ್ ಇರಲಿಲ್ಲ. ಮುಂದೆ ಕೊರಳಿನಿಂದ ಕೆಳಗಿನವರೆಗೂ ಗುಂಡಿಗಳು, ಹಾಕಿದ್ದು ಮಾತ್ರ ಎರಡೋ ಮೂರೋ. ತೋಳಿನ ತುದಿ ಹಿಂದಕ್ಕೆ ಮಡಚಿ ಮೊಣಕೈವರೆಗೂ ಬಂದಿತ್ತು. ಸೊಂಟದಿಂದ ಕೆಳಗೆ ಎರಡೂ ಬದಿಗೆ ನೆರಿಗೆ, ಹಿಂದೆ ಸೀಳು. ನಾನು ಇದನ್ನೆಲ್ಲ ಓದಿದಂತೆ ಹೇಳುತ್ತಾ ಹೋದೆ. ಮಾವ ಕೇಳಿ ಮುಗಿಸಿ, ನಡುವಿನ ಟ್ರಂಕಿನ ತಳದಲ್ಲಿರುವ ಕಾಗದದ ಕಟ್ಟನ್ನು ತೆಗೆಯಲು ಹೇಳಿದರು. ದಪ್ಪ ಖಾಕಿ ಕಾಗದದಲ್ಲಿ ಕತ್ತರಿಸಿದ ಹಳೆಯ ಅಚ್ಚುಗಳು. ಅದರಲ್ಲಿ ಸರದಾರನ ಅಂಗಿಯದನ್ನು ಹಾಸಿ ನೋಡಿದೆ. ನೆರಿಗೆ ಅದೇ, ಸೀಳು ಅದೇ. ತೋಳಿನ ಮಡಿಕೆ ಮಾತ್ರ ಹೆಚ್ಚು.

"ಕಳ್ಳ ಆಗ್ಲಿ ಸರದಾರ ಆಗ್ಲಿ, ಕೋಟ ಒಂದ," ಎಂದರು ಮಾವ.

ಬಟ್ಟೆಗೆ ಮಾವ ಮಖಮಲ್ಲು ಎಂದರು. ನಾನು ಒಪ್ಪಲಿಲ್ಲ. ಫೋಟೋದಲ್ಲಿದ್ದದ್ದು ಒರಟು ಬಟ್ಟೆ. ನಮ್ಮ ಓಣಿಯಲ್ಲೇ ನೇಕಾರರೊಬ್ಬರ ಮನೆಯಲ್ಲಿ ದಪ್ಪ ನೂಲಿನ ಹಾಸುವ ಬಟ್ಟೆ ಸಿಕ್ಕಿತು. ಅದಕ್ಕೆ ಕರಿಗೆ ಹತ್ತಿರದ ನೀಲಿ ಬಣ್ಣ ಹಾಕಿಸಿದೆ. ಒಳಗೆ ಹಾಕುವ ಅಂಗಿಗೆ ತೆಳು ಬಿಳಿ ಕೈಮಗ್ಗದ ಬಟ್ಟೆ, ತೋಳು ಊದಿಕೊಂಡ ಹಾಗೆ. ಟೊಪ್ಪಿಗೆ ಏನು ಮಾಡುವುದು ಎಂದು ಎರಡು ದಿನ ತಿಳಿಯಲಿಲ್ಲ. ಕೊನೆಗೆ ಹಳೆಯ ಕರಿ ಕಂಬಳಿಯೊಂದನ್ನು ಕತ್ತರಿಸಿ, ಕಂಬಳಿ ನೇಯುವವರು ಮಾಡುವ ಹಾಗೆ ಹುಣಸೆ ಬೀಜದ ಗಂಜಿ ಹಚ್ಚಿ, ಪಾತೇಲಿ ಬೋರಲು ಹಾಕಿ ಅದರ ಮೇಲೆ ಒಣಗಿಸಿದೆ. ಅಂಚನ್ನು ಮೂರು ಕಡೆ ಎತ್ತಿ ದಾರ ಹಾಕಿದಾಗ ಅದು ಫೋಟೋದ ಟೊಪ್ಪಿಗೆಯಂತೆಯೇ ನಿಂತಿತು.

ತಪ್ಪಿದ್ದು ಜರಿಯಲ್ಲಿ. ತೋಳಿನ ಮಡಿಕೆಗೆ ಮತ್ತು ಮುಂದಿನ ಅಂಚಿಗೆ ಗದಗಿನ ಪೇಟೆಯಿಂದ ತಂದ ಬಂಗಾರ ಬಣ್ಣದ ಪಟ್ಟಿ ಹಚ್ಚಿ, ಚಂದವಾಗಿದೆ ಎಂದುಕೊಂಡು ಲಕ್ಷ್ಮೇಶ್ವರಕ್ಕೆ ಫೋಟೋ ಕಳಿಸಿದೆ. ಅವರು ಅದನ್ನು ಗೋವಾದಲ್ಲಿ ಈ ಕೂಟ ನಡೆಸುವ ಹೆಣ್ಣುಮಗಳಿಗೆ ಕಳಿಸಿದ್ದಾರೆ. ಮರುದಿನ ಫೋನ್ ಬಂತು.

"ಸಿಟ್ಟ ಮಾಡ್ಕೋಬ್ಯಾಡ್ರಿ ಅಕ್ಕಾರ. ಮದುವಿ ಬ್ಯಾಂಡಿನವರ ಕೋಟ ಇದ್ದಂಗ ಐತಿ ಅಂದ್ರಂತ."

ನಾನು ಸಿಟ್ಟು ಮಾಡಿಕೊಳ್ಳಲಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು. ನಾಟಕದ ಬಟ್ಟೆಯನ್ನು ಜನ ದೂರದಿಂದ ದೀಪದ ಬೆಳಕಿನಲ್ಲಿ ನೋಡುತ್ತಾರೆ. ಅಲ್ಲಿ ಮಿಂಚಬೇಕು, ಒಳಗೆ ಅಸ್ತರ ಇಲ್ಲದಿದ್ದರೂ ನಡೆಯುತ್ತದೆ. ಇವರು ಬಿಸಿಲಿನಲ್ಲಿ ನಿಂತು, ಪಕ್ಕದವರ ತೋಳು ಮುಟ್ಟಿ, ಒಳಗಿನ ಹೊಲಿಗೆ ತಿರುವಿ ನೋಡುವವರು. ಪಟ್ಟಿಯನ್ನೆಲ್ಲ ಬಿಚ್ಚಿದೆ. ಅದರ ಜಾಗಕ್ಕೆ ಟ್ರಂಕಿನಲ್ಲಿದ್ದ ಹಳೆಯ ಖಳನಾಯಕನ ಅಂಗಿಯಿಂದ ಕಪ್ಪುಗಟ್ಟಿದ ಜರಿ ತೆಗೆದು ಹಚ್ಚಿದೆ. ಕೇಳದೆ ತೆಗೆದಿದ್ದೆ. ಮಾವ ಬೆರಳಿನಿಂದ ಮುಟ್ಟಿ ಗುರುತು ಹಿಡಿದು, ಎದ್ದಿದ್ದ ಒಂದು ಎಳೆಯನ್ನು ಒಳಗೆ ತಳ್ಳಿದರು.

ಆಮೇಲೆ ಅದನ್ನು ಹಳೆಯದು ಮಾಡಬೇಕಾಯಿತು. ಹೊಸ ಕೋಟನ್ನು ಸೋಡಾ ಹಾಕಿದ ನೀರಿನಲ್ಲಿ ನೆನೆಸಿ, ಮಾಳಿಗೆಯ ಮೇಲೆ ಬಿಸಿಲಿಗೆ ಹರಡಿ, ಮತ್ತೆ ನೆನೆಸಿ, ಮತ್ತೆ ಹರಡಿದೆ. ಮೊಣಕೈ ಮತ್ತು ಜೇಬಿನ ಬಾಯಿಯನ್ನು ಇಟ್ಟಿಗೆಯಿಂದ ಉಜ್ಜಿದೆ. ಉಪ್ಪುನೀರು ಚಿಮುಕಿಸಿ ಒಣಗಿಸಿದರೆ ಬಿಳಿ ಗೆರೆ ಉಳಿಯುತ್ತದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ಬೆವರಿದ ಬ್ಲೌಸುಗಳನ್ನು ನೋಡಿ ಗೊತ್ತಿತ್ತು. ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಹಾಕುತ್ತಿದ್ದ ನೆರೆಮನೆಯಾಕೆ ನಾನು ಇಟ್ಟಿಗೆ ತಿಕ್ಕುವುದನ್ನು ಬಹಳ ಹೊತ್ತು ನೋಡಿದಳು.

"ಯಾರ ಮ್ಯಾಲಿನ ಸಿಟ್ಟಬೇ ಅದು?"

"ಸಿಟ್ಟಲ್ಲ, ಆರ್ಡರು," ಎಂದೆ.

ಮಾವನಿಗೆ ಇದು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. "ಹಳೇದನ್ನ ಹೊಸದರಂಗ ಕಾಣಿಸಾಕ ನನ್ನ ಜೀವ ಹೋತು. ನೀ ಹೊಸದನ್ನ ಹಾಳ ಮಾಡಾಕತ್ತೀಯಲ್ಲಬೇ," ಎಂದರು. ಆದರೂ ದಿನವೂ ಸಂಜೆ ಕೋಟನ್ನು ಕೆಳಗೆ ತಂದಾಗ ಕೈ ಚಾಚುತ್ತಿದ್ದರು. ಇನ್ನೂ ಬಿರುಸಾಗಿದೆ, ಇನ್ನೊಂದು ಬಿಸಿಲು ಬೇಕು ಎಂದು ಹೇಳುತ್ತಿದ್ದರು. ಒಂದು ಸಂಜೆ ಏನೂ ಹೇಳದೆ ಕೋಟನ್ನು ತಿರುಗಿ ಕೊಟ್ಟರು. ಅಂದರೆ ಆಯಿತು ಎಂದರ್ಥ.

ಟ್ರಯಲ್ ನೋಡಲು ಇಬ್ಬರೂ ಬಂದರು. ಹಿಂದಿನ ದಿನವಷ್ಟೇ ಗಂಡನಿಗೆ ವಿಷಯ ಹೇಳಿದ್ದಾಗಿ ಆಕೆ ಅಡುಗೆಮನೆಗೆ ಬಂದು ಪಿಸುಗುಟ್ಟಿದರು. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದರಂತೆ.

ಗಿಡ್ಡ ಆಳು. ತಲೆ ಪೂರ್ತಿ ಬೆಳ್ಳಗೆ, ಉಗುರು ಚೊಕ್ಕ. ಮಾವನ ಬಳಿ ಬಗ್ಗಿ ನಮಸ್ಕಾರ ಮಾಡಿದರು. ಕೋಟು ಕೊಟ್ಟೆ, ಹಾಕಿಕೊಂಡರು. ಇಳಿದ ಬಲಹೆಗಲಿಗೆ ಮಾವನ ಮಾತಿನಂತೆ ನಾನು ಒಳಗೆ ಕ್ಯಾನ್ವಾಸಿನ ಒಂದು ಪದರ ಹೆಚ್ಚು ಕೊಟ್ಟಿದ್ದೆ. ಎರಡೂ ಹೆಗಲು ಸಮನಾಗಿ ಕೂತವು. ಅಷ್ಟು ಚೆನ್ನಾಗಿ ಕೂತ ಬಟ್ಟೆಯನ್ನು ನಾನು ಅಲ್ಲಿಯವರೆಗೆ ಹೊಲಿದಿರಲಿಲ್ಲ. ಆ ಸಂತೋಷದಲ್ಲಿ ನಡುಕಟ್ಟನ್ನು ನಾನೇ ಸುತ್ತಿ, ಟ್ರಂಕಿನಿಂದ ನಾಟಕದ ಕಟ್ಟಿಗೆಯ ಪಿಸ್ತೂಲು ತಂದು ಅದರಲ್ಲಿ ಸಿಗಿಸಿದೆ.

ಅವರು ಕನ್ನಡಿಯಲ್ಲಿ ನೋಡಿಕೊಂಡರು. ಪಿಸ್ತೂಲನ್ನು ಎರಡು ಬೆರಳಿನಿಂದ ತೆಗೆದು ಮಷಿನ್ನಿನ ಮೇಲೆ ಇಟ್ಟರು. ಆಮೇಲೆ ಕೋಟು ತೆಗೆದು, ಅಸ್ತರ ಹೊರಗೆ ಬರುವಂತೆ ನೀಟಾಗಿ ಮಡಚಿ, ನನ್ನ ಕೈಗೆ ಕೊಟ್ಟು ಸ್ಟೂಲಿನ ಮೇಲೆ ಕೂತರು. ಹಣೆಯಲ್ಲಿ ಬೆವರಿತ್ತು. ಫ್ಯಾನು ತಿರುಗುತ್ತಿತ್ತು.

ಇದಾವುದೂ ಕಾಣದ ಮಾವ ಕೇಳಿದರು: "ಕೋಟ ಕೂತೈತೇನಪಾ?"

"ಭಾಳ ಚಲೋ ಕೂತೈತ್ರಿ ಅಜ್ಜಾರ. ಆದ್ರ ಅವ್ರು ಹಿಂಗ ಇರಲಿಲ್ಲ."

"ಯಾರು?"

"ಕಡಲಗಳ್ಳರು."

ಅವರ ಹೆಂಡತಿ ಬೀದಿಯ ಕಡೆ ತಿರುಗಿದರು. ನಾನು ಕೋಟು ಹಿಡಿದುಕೊಂಡೇ ನಿಂತಿದ್ದೆ.

ಅವರು ಹೇಳಿದ್ದನ್ನು ನಾನು ಇಲ್ಲಿ ಚಿಕ್ಕದು ಮಾಡಿ ಬರೆಯುತ್ತೇನೆ. ಬಹಳ ವರ್ಷಗಳ ಹಿಂದೆ ಆಫ್ರಿಕದ ಕಡೆಯ ಸಮುದ್ರದಲ್ಲಿ ಕಡಲ್ಗಳ್ಳರು ಅವರ ಹಡಗನ್ನು ಹಿಡಿದರು. ಸಣ್ಣ ದೋಣಿಯಲ್ಲಿ ಏಣಿ ತಂದು ಹತ್ತಿದವರು ಹತ್ತು ಹನ್ನೆರಡು ಮಂದಿ. ಹಡಗನ್ನೂ ಅದರಲ್ಲಿದ್ದವರನ್ನೂ ಎಂಟು ತಿಂಗಳು ಇಟ್ಟುಕೊಂಡರು. ಹಿಡಿದವರೆಲ್ಲ ಬಡಕಲು. ಕೆಲವರು ನಮ್ಮವರ ಹಾಗೆ ಲುಂಗಿ ಎತ್ತಿ ಕಟ್ಟಿದವರು, ಕೆಲವರ ಅಂಗಿಯ ಬೆನ್ನಿನ ಮೇಲೆ ಆಟಗಾರರದಂತೆ ನಂಬರು, ಕಾಲಲ್ಲಿ ರಬ್ಬರಿನ ಚಪ್ಪಲಿ. ಹಡಗಿನವರಿಗೂ ಅವರಿಗೂ ಸೇರಿಸಿ ಇವರೇ ಅಡುಗೆ ಮಾಡಬೇಕಿತ್ತು.

"ಅವರಾಗ ಒಬ್ಬಾಂವ ಅಡಗಿ ಖೋಲಿ ಬಾಗಲದಾಗ ಕುಂಡ್ರತಿದ್ದ. ನನ್ನಕಿಂತ ವಯಸ್ಸಿನಾಗ ದೊಡ್ಡಾಂವ, ಗಡ್ಡ ಬೆಳ್ಳಗಾಗಿತ್ತು. ತೊಡಿ ಮ್ಯಾಲೆ ಬಂದೂಕು. ಅವನ ಅಂಗಿ ಕಿಸೆ ಹರದು ಜೋತಾಡತಿತ್ತು. ಅದರಾಗ ಏನರ ಇಟ್ಟ, ಬೀಳತಿತ್ತು. ಮತ್ತ ಇಟ್ಟ, ಮತ್ತ ಬೀಳತಿತ್ತು. ಒಂದಿನ ಅಂಗಿ ಕಳದು ನನ್ನ ಮುಂದ ಹಿಡದು, ಹಿಂಗ ಸೂಜಿ ಎಳದಂಗ ಕೈ ಮಾಡಿದ."

"ಹೊಲದ್ಯಾ?" ಎಂದರು ಮಾವ.

"ಹೊಲದೆ. ಹಿಟ್ಟಿನ ಚೀಲ ಹೊಲಿಯೋ ಸೂಜಿ ಇತ್ತು. ಅವಾ ಬರೀ ಮೈಲೆ ಬಂದೂಕು ಇಟಗೊಂಡು ನೋಡ್ಕೋಂತ ಕುಂತಿದ್ದ. ದಾರ ಹಲ್ಲಿಲೆ ಕಡದು ಅಂಗಿ ಕೊಟ್ಟೆ."

"ಆಮ್ಯಾಲೆ?"

"ಹಾಕ್ಕೊಂಡು ಕಿಸೆದಾಗ ಎಲಿ ಇಟ್ಟು ನೋಡಿದ, ಬೀಳಲಿಲ್ಲ. ಅದರಾಗಿಂದ ನಾಕು ಎಲಿ ತಗದು ನನಗ ಕೊಟ್ಟ, ಅವ್ರು ಅಮಲಿಗೆ ಅಗಿಯೋದು."

"ತಗೊಂಡ್ಯಾ?"

"ತಗೊಂಡೆರಿ. ಇಬ್ರೂ ಕುಂತು ಅಗದ್ವಿ. ಇದನ್ನ ನಾ ಯಾರ ಮುಂದೂ ಹೇಳಿಲ್ಲ."

ಹೆಂಡತಿ ಬೀದಿಯ ಕಡೆಯಿಂದ ಮುಖ ತಿರುಗಿಸಿದರು. "ನನ್ನ ಮುಂದೂ ಹೇಳಿಲ್ಲ."

"ಹೆಂಗ ಹೇಳ್ಲಿ? ನೀ ಇಲ್ಲಿ ಊಟಾ ಬಿಟ್ಟು ಕುಂತಿದ್ದಿ. ನಾ ಅಲ್ಲಿ ಅವನ ಅಂಗಿ ಹೊಲದು ಕೊಟ್ಟೆ ಅಂತ ಹೇಳ್ಲೇನು?"

"ಊಟಾ ಬಿಟ್ಟಿದ್ಳು ಅಂತ ಯಾರ ಹೇಳಿದ್ರು?"

"ಅಕ್ಕ ಹೇಳಿದ್ಳು."

"ಮುಂಡರಗಿ ಅಕ್ಕೇನು? ಆಕಿ ಬಂದಿದ್ದು ಎರಡ ಸಲ. ನಾ ಊಟಾ ಬಿಟ್ಟಿದ್ದಿಲ್ಲ. ಊಟಾ ಬಿಟ್ರ ಇಪ್ಪತ್ತು ಕೂಸಿನ ಅಂಗನವಾಡಿ ನಡಸೋದು ಹೆಂಗ? ಮುಂಜಾನೆ ರೊಟ್ಟಿ ಉಣತಿದ್ದೆ, ಸಂಜಿಗೆ ಅನ್ನ ಉಣತಿದ್ದೆ. ಶಿರಹಟ್ಟಿಯಿಂದ ನಮ್ಮ ಮಂದಿ ಅಳಾಕಂತ ಬಂದಾಗ ನಾ ಉಣ್ಣಾಕತ್ತಿದ್ದೆ. ಗಂಡ ಹಿಂಗಾಗ್ಯಾನ, ಈಕಿ ಉಣ್ಣಾಕತ್ಯಾಳ ಅಂತ ನೋಡಿದ್ರು. ನಾನೂ ಅದನ್ನ ನಿಮ್ಮ ಮುಂದ ಹೇಳಿಲ್ಲ."

ಬಹಳ ವರ್ಷ ಇಬ್ಬರೂ ಒಂದೇ ಮನೆಯಲ್ಲಿ ಈ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡು ಬದುಕಿದ್ದರು. ಬೆಟಗೇರಿಯಲ್ಲಿ, ಗುರುತು ಪರಿಚಯವಿಲ್ಲದ ಒಬ್ಬ ಮುದುಕನ ಮುಂದೆ ಅವು ಹೊರಗೆ ಬಂದವು. ಅಳು ಯಾರಿಗೂ ಬರಲಿಲ್ಲ. ಗಂಡ ಹೆಂಡತಿಯನ್ನು ನೋಡಿದರು, ಹೆಂಡತಿ ಕಟ್ಟಿಗೆಯ ಪಿಸ್ತೂಲನ್ನು ನೋಡಿದರು. ನಾನು ಚಹಾ ಇಡಲು ಒಳಗೆ ಹೋದೆ.

ನಿಜ ಹೇಳಬೇಕೆಂದರೆ ಚಹಾ ಕುದಿಯುವಾಗ ನನ್ನಲ್ಲಿದ್ದದ್ದು ಕರುಣೆಯಲ್ಲ. ಸಿಟ್ಟು. ಒಂದೂವರೆ ತಿಂಗಳು ಕೂತು ಹೊಲಿದ ಕೋಟು, ಅಷ್ಟು ಚಂದ ಕೂತ ಕೋಟು, ಇನ್ನು ಯಾರೂ ಹಾಕುವುದಿಲ್ಲ ಎಂಬ ಸಿಟ್ಟು. ಆ ಮನುಷ್ಯನ ಎಂಟು ತಿಂಗಳಿನ ಮುಂದೆ ನನ್ನ ಒಂದೂವರೆ ತಿಂಗಳು ಏನೂ ಅಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು ಹೋಗಲಿಲ್ಲ. ಸಕ್ಕರೆ ಹೆಚ್ಚು ಹಾಕಿದೆ.

ಚಹಾ ಕುಡಿದ ಮೇಲೆ ಅವರು ಕೇಳಿದರು: "ಅಕ್ಕಾರ, ನನಗೊಂದು ಸಾದಾ ಅಂಗಿ ಹೊಲಕೊಡ್ತೀರೇನು? ಅರ್ಧ ತೋಳು, ಚೌಕಳಿ ಬಟ್ಟಿ, ಅಗ್ಗದ್ದು. ನಾ ಗೋವಾಕ ಹೋಗತೀನಿ. ವೇಷ ಹಾಕ್ಕೊಂಡ ಹೋಗತೀನಿ. ಆದ್ರ ನಾ ನೋಡಿದ ವೇಷ."

"ಕಿಸೆ?" ಎಂದೆ.

"ಕಿಸೆ ಹರದಿರಲಿ. ನಾ ಹೊಲಕೋತೀನಿ."

ಯಾರ ಹತ್ತಿರವೂ ಅಂಥ ಆರ್ಡರು ಬಂದಿರಲಾರದು. ಅಂಗಿ ಹೊಲಿದೆ, ಇಟ್ಟಿಗೆಯಿಂದ ಉಜ್ಜಿದೆ, ಕಿಸೆಯ ಒಂದು ಮೂಲೆಯನ್ನು ಬಟ್ಟೆಯ ಎಳೆ ಹರಿಯುವಂತೆ ಕಿತ್ತೆ. ಹೊಲಿದದ್ದನ್ನು ಕೀಳುವುದು ಕತ್ತರಿಸುವುದಕ್ಕಿಂತ ಕಷ್ಟ. ಒಂದು ವಾರ ಬಿಟ್ಟು ಅವರೊಬ್ಬರೇ ಬಂದರು. ಗೋಣಿಚೀಲದ ಸೂಜಿ ಬೇಕು ಎಂದರು. ಮಾವನ ಪಕ್ಕದಲ್ಲಿ ಕೂತು, ಬಿಳಿ ದಾರದಿಂದ ಕಿಸೆಯನ್ನು ಹೊಲಿದರು. ದೊಡ್ಡ ದೊಡ್ಡ ಅಡ್ಡಹೊಲಿಗೆ, ಒಂದರ ಮೇಲೊಂದು ಏರಿಸಿದ ಹಾಗೆ. ಮುಗಿದ ಮೇಲೆ ಮಾವ ಅದರ ಮೇಲೆ ಹೆಬ್ಬೆರಳು ಓಡಿಸಿದರು.

"ಕೆಟ್ಟ ಹೊಲಿಗಿ," ಎಂದರು.

"ಹೌದ್ರಿ ಅಜ್ಜಾರ."

"ಆದ್ರ ಬಿಚ್ಚಂಗಿಲ್ಲ ಬಿಡು."

ಇನ್ನು ಕೋಟು. ಟ್ರಯಲ್ ಆದ ಮರುದಿನವೇ ಅವರ ಹೆಂಡತಿ ಫೋನ್ ಮಾಡಿ, ಕೋಟನ್ನು ಯಾರಿಗೂ ಕೊಡಬೇಡಿ, ತಮ್ಮ ಅಳತೆಗೆ ಮಾಡಿಕೊಡಿ ಎಂದರು. ಮೊದಲು ನಾನು ತಮಾಷೆ ಎಂದುಕೊಂಡೆ. ಬಂದು ನಿಂತು ಕೈ ಅಗಲಿಸಿದಾಗ ಟೇಪು ತೆಗೆದೆ.

"ನಾನ ಹೊಲಿಸಿದ ಕೋಟ ನಾನ ಹಾಕ್ಕೋತೀನಿ. ಫೋಟೋದಾಗ ಹೆಂಗಸರೂ ಅದಾರಲ್ಲ? ಸೀರಿ ಮ್ಯಾಲೆ ಬ್ಯಾಡ, ಕೆಳಗ ಪೈಜಾಮದಂಗ ಏನರ ಹೊಲೀರಿ. ಊರಾಗ ಹೇಳಬ್ಯಾಡ್ರಿ ಮತ್ತ."

ಗಂಡಸಿನ ಕೋಟನ್ನು ಹೆಂಗಸಿಗೆ ಕೂರಿಸುವುದು ಬರೀ ಚಿಕ್ಕದು ಮಾಡುವ ಕೆಲಸವಲ್ಲ. ಹೆಗಲು ಒಳಗೆ ತೆಗೆದುಕೊಳ್ಳಬೇಕು, ಎದೆಯ ಕಡೆ ಬಿಡಬೇಕು, ಸೊಂಟದ ನೆರಿಗೆ ಇಳಿದ ಜಾಗದಿಂದ ಮೇಲೆತ್ತಬೇಕು. ಬಲಹೆಗಲಿನ ಕ್ಯಾನ್ವಾಸು ಬಿಚ್ಚಿ ಹಾಕಿದೆ. ಅವರ ಹೆಗಲು ಸಮ ಇದ್ದವು. ಮಾವನಿಗೆ ಈ ಮಾತು ತಿಳಿದಾಗ ಬಹಳ ಹೊತ್ತು ನಕ್ಕರು. ಅವರ ಕಾಲದಲ್ಲಿ ಹಳ್ಳಿಯ ನಾಟಕಗಳಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. "ಮೀಸಿ ಬೋಳಿಸಿದ ಗಂಡಸರಿಗೆ ಕುಬಸಾ ಹೊಲಕೊಟ್ಟೇನಿ. ಹೆಣ್ಣಮಗಳಿಗೆ ಕಳ್ಳನ ಕೋಟ, ಇದ ಮೊದಲು," ಎಂದರು. ಆಮೇಲೆ ಸೊಂಟದ ನೆರಿಗೆಯನ್ನು ಎಷ್ಟು ಎತ್ತಬೇಕೆಂದು ಅವರೇ ಹೇಳಿಕೊಟ್ಟರು. ಕುಬಸ ಹೊಲಿದ ಲೆಕ್ಕವನ್ನು ತಿರುವು ಮುರುವು ಮಾಡಿದರೆ ಸಾಕು ಎಂದರು. ಹಾಗೆಯೇ ಮಾಡಿದೆ.

ಗದಗಿನಿಂದ ರೈಲು ಹತ್ತಿ ಅವರಿಬ್ಬರೂ ಹೋದರು. ನಾನು ಹೋಗಲಿಲ್ಲ, ಮದುವೆಯ ಹಂಗಾಮು. ಅಲ್ಲಿ ಏನಾಯಿತು ಎಂಬುದು ಆಕೆ ಹೇಳಿದ್ದು. ತಿರುಗಿ ಬಂದ ಮೇಲೆ ಟೊಪ್ಪಿಗೆಯ ಒಂದು ಮೂಲೆ ಸಮುದ್ರದ ಗಾಳಿಗೆ ಮೆತ್ತಗಾಗಿದೆ ಎಂದು ತೋರಿಸಲು ಬಂದಿದ್ದರು. ಹುಣಸೆ ಗಂಜಿ ಒಣಹವೆಗೆ ಸರಿ, ದಂಡೆಯ ತೇವಕ್ಕೆ ತಡೆಯುವುದಿಲ್ಲ ಎಂದು ನಾನು ಆಗ ಕಲಿತೆ.

ಕೂಟಕ್ಕೆ ಹೋದ ಕೂಡಲೇ ಎಲ್ಲರೂ ಆಕೆಯ ಕೋಟು ಮುಟ್ಟಿ ನೋಡಿದರಂತೆ. ತೋಳಿನ ಒಳಗಿನ ಹೊಲಿಗೆ ತಿರುವಿ ನೋಡಿದವರೂ ಇದ್ದರು. ಗಂಡನ ಹತ್ತಿರ ಬಂದವರು ಮಾತ್ರ ಒಂದೇ ಮಾತು ಕೇಳುತ್ತಿದ್ದರು: ನೀವು ಯಾಕೆ ವೇಷ ಹಾಕಿಲ್ಲ? ಇವರು ಹಾಕಿದ್ದೇನೆ ಎನ್ನುತ್ತಿದ್ದರು. ಅವರು ನಕ್ಕು ಮುಂದೆ ಹೋಗುತ್ತಿದ್ದರು. ಒಳ್ಳೆಯ ವೇಷ ಯಾರದೆಂಬ ಸ್ಪರ್ಧೆಗೆ ಹೆಸರು ಬರೆದುಕೊಳ್ಳುವ ಹೆಣ್ಣುಮಗಳು ಇವರ ಅಂಗಿ ನೋಡಿ, ನಿಯಮದ ಪ್ರಕಾರ ಬರೆಯಲಾಗುವುದಿಲ್ಲ ಎಂದಳಂತೆ. ಇವರು ಬೇಸರ ಮಾಡಿಕೊಳ್ಳದೆ ಒಂದು ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು.

"ಮಧ್ಯಾಹ್ನದ ಊಟದ ಹೊತ್ತಿಗೆ ಒಬ್ಬರು ಬಂದ್ರು ನೋಡ್ರಿ. ಆಳೆತ್ತರ ಮನಷ್ಯಾ. ಟೊಪಗಿಗೆ ನವಿಲ ಗರಿ, ಕೋಟಿನ ತುಂಬ ಗುಂಡಿ, ಕಾಲಿಗೆ ಉದ್ದನ್ನ ಬೂಟು. ಅದ ಹಡಗಿನ್ಯಾಗ ಇಂಜಿನಿಯರ್ ಇದ್ದವ್ರಂತ. ಆ ಎಂಟು ತಿಂಗಳ ಇವ್ರ ಜೋಡಿನ ಇದ್ರು. ದೂರದಿಂದ ನಕ್ಕೋಂತ ಬಂದವ್ರು ಇವ್ರ ಕಿಸೆ ನೋಡಿದ್ರು, ನಿಂತ್ರು. ಟೊಪಗಿ ತಗದು ಕೈಯಾಗ ಹಿಡಕೊಂಡ್ರು."

"ಏನಂದ್ರು?"

"ಪಕ್ಕದಾಗ ಕುಂತ್ರು. ತಾಟು ಅಲ್ಲೇ ತರಿಸ್ಕೊಂಡ್ರು. ಇಬ್ರೂ ಉಂಡ್ರು. ಮೀನಿನ ಸಾರಿಗೆ ಉಪ್ಪು ಕಡಿಮಿ ಆಗೈತಿ ಅಂತ ಇವ್ರು ಅಂದ್ರು. ಹೌದು, ನೀ ಮಾಡಿದ್ರ ಹಿಂಗ ಆಗತಿರಲಿಲ್ಲ ಅಂತ ಅವ್ರು ಅಂದ್ರು. ಅಷ್ಟರಿ ಮಾತು."

ಆಕೆ ಅಷ್ಟಕ್ಕೆ ನಿಲ್ಲಿಸಿ, ಟೊಪ್ಪಿಗೆಯ ಮೂಲೆಯನ್ನು ಸರಿಪಡಿಸುವುದು ಹೇಗೆ ಎಂದು ಕೇಳಿದರು. ಒಳಗೆ ತೆಳುವಾದ ತಂತಿ ಹಾಕೋಣ ಎಂದೆ.

ಆಕೆಯ ಗಂಡ ಮತ್ತೆ ಆ ಕೂಟಕ್ಕೆ ಹೋಗಲಿಲ್ಲ. ಒಂದು ಸಲ ಸಾಕು ಎಂದರಂತೆ. ಆದರೆ ಇಂಜಿನಿಯರ್ ಈಗ ಮೂರು ತಿಂಗಳಿಗೊಮ್ಮೆ ಲಕ್ಷ್ಮೇಶ್ವರಕ್ಕೆ ಬಂದು ಎರಡು ದಿನ ಇದ್ದು ಹೋಗುತ್ತಾರೆ. ಅವರು ಬಂದಾಗ ಮಾತ್ರ ಇವರು ಅಡುಗೆಮನೆಗೆ ಕಾಲಿಡುತ್ತಾರೆ. ಉಳಿದ ದಿನ ರೊಟ್ಟಿ ಬಡಿಯುವುದು ಹೆಂಡತಿಯೇ. ಇದು ಆಕೆಯ ದೂರು. ಜಾಸ್ತಿ ಸಿಟ್ಟಿನ ದೂರೇನಲ್ಲ. ಆಕೆ ಮಾತ್ರ ಪ್ರತಿ ವರ್ಷ ಗೋವಾಕ್ಕೆ ಹೋಗುತ್ತಾರೆ, ಈಗ ಮುಂಡರಗಿಯಲ್ಲಿರುವ ಗಂಡನ ಅಕ್ಕನನ್ನೂ ಕರೆದುಕೊಂಡು. ಊಟ ಬಿಟ್ಟಿದ್ದಾಳೆ ಎಂದು ಸುದ್ದಿ ಮುಟ್ಟಿಸಿದ ಅದೇ ಅಕ್ಕ. ಆಕೆಗೂ ನಾನೇ ಹೊಲಿದೆ. ಸರದಾರನ ಅಚ್ಚು ಸಾಲಲಿಲ್ಲ, ಆಕೆ ದಪ್ಪ ಆಳು.

ಮಾವ ಎರಡನೆಯ ವರ್ಷದ ಬೇಸಿಗೆಯಲ್ಲಿ ತೀರಿಕೊಂಡರು. ಅಷ್ಟರಲ್ಲಿ ಗೋವಾದಿಂದಲೇ ನೇರವಾಗಿ ನಾಲ್ಕು ಕೋಟುಗಳ ಆರ್ಡರು ಬಂದಿತ್ತು. ಎರಡು ಅವರ ಬೆರಳಿನ ಕೆಳಗೆ ಹಾದು ಹೋದವು. ಉಳಿದೆರಡರ ಬಟ್ಟೆ ಪಳಗಿದೆಯೋ ಇಲ್ಲವೋ ಎಂದು ಹೇಳುವವರು ಮನೆಯಲ್ಲಿ ಇರಲಿಲ್ಲ. ನನ್ನ ಬೆರಳಿನಿಂದ ಮುಟ್ಟಿ ನೋಡಿದೆ, ಸರಿ ಅನ್ನಿಸಿತು, ಕಳಿಸಿದೆ. ಅಲ್ಲಿಂದ ಯಾರೂ ಏನೂ ಅನ್ನಲಿಲ್ಲ.

ಕಳೆದ ತಿಂಗಳು ಲಕ್ಷ್ಮೇಶ್ವರದ ಹೆಣ್ಣುಮಗಳು ತಮಗೇ ಹೊಸ ಕೋಟು ಬೇಕೆಂದು ಬಂದಿದ್ದರು. ಹಳೆಯದು ನಿಜವಾಗಿಯೂ ಹಳೆಯದಾಗಿತ್ತು, ಉಜ್ಜುವ ಅಗತ್ಯವಿಲ್ಲದಷ್ಟು. ಈ ಸಲ ಒಳಗಡೆ ಒಂದು ಜೇಬು ಬೇಕು ಎಂದರು, ಕನ್ನಡಕ ಮತ್ತು ಬಿ.ಪಿ. ಗುಳಿಗೆ ಇಡಲು.

"ಮುನ್ನೂರು ವರ್ಷದ ಹಿಂದ ಒಳಗ ಕಿಸೆ ಇತ್ತೋ ಇಲ್ಲೋ, ಗೊತ್ತಿಲ್ಲ ನೋಡ್ರಿ," ಎಂದೆ.

"ಇರಲಿಕ್ಕಿಲ್ಲ. ನೀವ ಹಾಕ್ರಿ. ಯಾರರ ತಿರುವಿ ನೋಡಿ ಕೇಳಿದ್ರ ನಾ ಉತ್ತರಾ ಕೊಡ್ತೀನಿ."

ಸೊಂಟದ ಅಳತೆ ಎರಡು ಇಂಚು ಹೆಚ್ಚಾಗಿತ್ತು. ಬರೆದುಕೊಂಡು, ಜೇಬು ಎಡಕ್ಕೋ ಬಲಕ್ಕೋ ಎಂದು ಕೇಳಿದೆ. ಎಡಕ್ಕೆ ಎಂದರು.